ಮೂರು ಸಲ ಕರೆದ ಮೇಲೆ

ಹೋದ ವರ್ಷ ನವೆಂಬರ್ ತಿಂಗಳ ಒಂದು ಮಂಗಳವಾರ ರಾತ್ರಿ, ಪುಣೆ ಕ್ಯಾಂಪಿನ ಒಂದು ಖಾಸಗಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನನ್ನ ಸೋದರತ್ತೆಯ ಉಸಿರು ನಿಂತಿತ್ತು. ಅದೇ ಹೊತ್ತಿಗೆ ಆಕೆಯ ತಲೆದೆಸೆಯಲ್ಲಿದ್ದ ಯಂತ್ರ, ಆಕೆ ಸರಿಯಾಗಿ ಉಸಿರಾಡುತ್ತಿದ್ದಾಳೆ ಎಂದು ತೋರಿಸುತ್ತಿತ್ತು.

ಎರಡನ್ನೂ ಕಣ್ಣಾರೆ ಕಂಡವಳು ನಾನು. ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ನನ್ನ ಕೆಲಸ. ಬೇರೆಯವರ ಬರಹದಲ್ಲಿ ಸಾಕ್ಷಿಯಿಲ್ಲದ ಸಾಲು ಕಂಡರೆ ಹೊಡೆದುಹಾಕುವುದೇ ನನ್ನ ಉದ್ಯೋಗ. ದೆವ್ವದ ಸುದ್ದಿ ಬಂದರೆ ‘ಯಾರು ನೋಡಿದ್ದು, ಎಲ್ಲಿಂದ ನೋಡಿದ್ದು’ ಎಂದು ವರದಿಗಾರರ ಪ್ರಾಣ ತಿಂದವಳು. ಆದ್ದರಿಂದ ಇಲ್ಲಿ ನಾನು ಕಂಡದ್ದು ಮತ್ತು ಕೇಳಿದ್ದು ಮಾತ್ರ ಇದೆ. ಊಹೆ ಎಲ್ಲಿದೆಯೋ ಅಲ್ಲಿ ಊಹೆ ಎಂದೇ ಹೇಳಿದ್ದೇನೆ.

ಅತ್ತೆಯ ಹೆಸರು ಶಾಂತಾ. ಧಾರವಾಡದ ಕಡೆಯಿಂದ ಪುಣೆಗೆ ಬಂದ ಮನೆಗಳ ರೂಢಿಯಂತೆ ನಾನು ‘ಅತ್ಯಾ’ ಎನ್ನುತ್ತೇನೆ. ವಯಸ್ಸು ಎಪ್ಪತ್ತಾರು. ಆಕೆಯ ಗಂಡ, ನನ್ನ ಮಾಮಾ, ಪುಣೆಯದೇ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷಗಳಾದವು. ಅವರು ಅಲ್ಲೇ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಈಗ ನಾವಿಬ್ಬರೇ ಇದ್ದೇವೆ. ನನ್ನ ಅಪ್ಪ, ಅವ್ವ ಹೋದ ಮೇಲೆ ನನಗೆ ತವರು ಎಂದು ಉಳಿದಿರುವುದು ಅತ್ಯಾ ಒಬ್ಬಳೇ.

ಆಪರೇಷನ್ ಪಿತ್ತಕೋಶದ ಕಲ್ಲಿನದು. ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದರು. ಎಲ್ಲ ಸುಸೂತ್ರವಾಯಿತು. ಅರಿವಳಿಕೆಯ ಡಾಕ್ಟರು ಮಾತ್ರ ನನ್ನನ್ನು ಬದಿಗೆ ಕರೆದು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ವಯಸ್ಸಾದವರ ಮೈಯಿಂದ ಈ ಔಷಧಿ ಬೇಗ ಇಳಿಯುವುದಿಲ್ಲ. ಜೊತೆಗೆ ನೋವಿನ ಇಂಜೆಕ್ಷನ್ ಇರುತ್ತದೆ. ಇವರು ಗೊರಕೆ ಹೊಡೆಯುವವರು ಬೇರೆ. ಗಾಢ ನಿದ್ದೆಯಂತೆ ಕಾಣುತ್ತದೆ, ಆದರೆ ಉಸಿರಾಡುವುದನ್ನೇ ಮೈ ಮರೆತಿರುತ್ತದೆ. ಆಮ್ಲಜನಕ ಕೊಡುತ್ತಿರುವಾಗ ಬೆರಳಿನ ಕ್ಲಿಪ್ಪು ಆ ಅಪಾಯವನ್ನು ತಡವಾಗಿ ಹೇಳುತ್ತದೆ. ಅದಕ್ಕೇ ಮಾಸ್ಕಿನೊಳಗೆ, ಮೂಗಿನ ಕೆಳಗೆ ಒಂದು ಸಪೂರ ನಳಿಗೆ ಇಟ್ಟಿರುತ್ತಾರೆ. ಬಿಟ್ಟ ಉಸಿರು ಅದರಲ್ಲಿ ಸಾಗಿ ಯಂತ್ರ ಮುಟ್ಟುತ್ತದೆ. ಒಂದು ಉಸಿರಿಗೆ ಪರದೆಯ ಮೇಲೆ ಒಂದು ಗುಡ್ಡ. ಗುಡ್ಡ ನಿಂತರೆ ಗಂಟೆ ಹೊಡೆಯುತ್ತದೆ.

ಹೊರಡುವಾಗ ಅವರು ಹೇಳಿದ ಮಾತು ನೆನಪಿದೆ. “ಪರದೆ ನೋಡುತ್ತ ಕೂರಬೇಡಿ. ಎದೆ ನೋಡಿ. ಆಗಾಗ ಹೆಸರು ಹಿಡಿದು ಕರೀರಿ. ಓ ಅನ್ನಬೇಕು.”

ತೊಡಕು ಹುಟ್ಟಿದ್ದು ಈ ‘ಓ’ ಎನ್ನುವುದರಲ್ಲಿ.

ಮಧ್ಯಾಹ್ನ ಕರೆದಾಗಲೆಲ್ಲ ಅತ್ಯಾ ಓಗೊಟ್ಟಿದ್ದಳು. ಹಲ್ಲಿನ ಸೆಟ್ಟು ಎಲ್ಲಿ ಇಟ್ಟಿರಿ ಎಂದು ಜಗಳವನ್ನೂ ತೆಗೆದಿದ್ದಳು. ದೀಪ ಹಾಕಿದ ಮೇಲೆ, ಸಂಜೆ ಪಾಳಿಯ ಮರಾಠಿ ನರ್ಸು “ಶಾಂತಾ ಆಜಿ!” ಎಂದು ಕರೆದರೆ ಉತ್ತರವಿಲ್ಲ. ಆಕೆ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಲು ಹೊರಟಳು. ನಾನು ತಡೆದು, ಹಾಗಲ್ಲ, ಇವಳು ಕತ್ತಲಾದ ಮೇಲೆ ಮೂರು ಸಲ ಕರೆದ ಹೊರತು ಓ ಎನ್ನುವುದಿಲ್ಲ ಎಂದೆ. ಆಕೆ ಒಪ್ಪಲಿಲ್ಲ. ಒಂದು ಸಲ ಕರೆದಾಗ ಉತ್ತರ ಬರದಿದ್ದರೆ ತಾನು ಡಾಕ್ಟರಿಗೆ ಹೇಳುವವಳೇ ಎಂದಳು.

ರಾತ್ರಿ ಪಾಳಿಗೆ ಬಂದವಳು ಸವಿತಾ. ಗಡಿಯ ಜತ್ತ ಕಡೆಯವಳು, ಮನೆಮಾತು ಕನ್ನಡ. ಸಂಜೆಯ ನರ್ಸಿನಿಂದ ವಿಷಯ ತಿಳಿದಿದ್ದ ಅವಳು ನಮ್ಮ ಕನ್ನಡ ಕೇಳಿ ಬಾಗಿಲಲ್ಲೇ ಮುಖ ಅರಳಿಸಿದಳು.

“ಯಾಕ್ರಿ ಆಜಿ, ಒಂದ ಸಲ ಕರದ್ರ ಕೇಳ್ಸಂಗಿಲ್ಲೇನ್ರಿ?”

“ಕೇಳಸ್ತದವಾ. ದೀಪ ಹಚ್ಚಿದ ಮ್ಯಾಲ ಒಂದ ಕೂಗಿಗೆ ಓ ಅನಬಾರದು. ಮನಷ್ಯಾ ಆದ್ರ ಮೂರ ಸಲ ಕರೀತಾನ. ಅದಕ್ಕ ಅಷ್ಟು ತಾಳ್ಮಿ ಇರಂಗಿಲ್ಲ.”

“ಯಾವದಕ್ಕ?”

“ಈ ಹೊತ್ತಿನ್ಯಾಗ ನನ್ನ ಬಾಯಿಲೆ ಅದರ ಹೆಸರ ಹೇಳಸ್ತೀಯೇನು? ನರ್ಸಬಾಯಿ ಆಗಿ ಅಷ್ಟೂ ತಿಳೀವಲ್ದು.”

ಸವಿತಾ ಜೋರಾಗಿ ನಕ್ಕಳು. “ನಮ್ಮ ಆಯಿನೂ ಹಿಂಗರೀ. ಊಟಕ್ಕ ಎಬಸಬೇಕಂದ್ರೂ ಮೂರ ಸಲ ಒದರಬೇಕು. ತಗೋರಿ, ನಾ ಮೂರ ಸಲಾನ ಕರೀತೀನಿ.”

ನನಗೆ ಸಮಾಧಾನವಾಯಿತು. ನಮ್ಮವಳು, ನಮ್ಮ ರೀತಿ ಬಲ್ಲವಳು. ಸಂಜೆಯ ನರ್ಸಿನ ಗಾಬರಿಯನ್ನು ಹೇಳಿಕೊಂಡು ನಾವಿಬ್ಬರೂ ಸ್ವಲ್ಪ ನಕ್ಕೆವು ಕೂಡ.

ಅದು ಎರಡು ಹಾಸಿಗೆಗಳ ಕೋಣೆ. ನಡುವೆ ಹಸಿರು ಪರದೆ. ಆಚೆಯ ಹಾಸಿಗೆ ಖಾಲಿ, ಅಲ್ಲಿದ್ದ ರೋಗಿ ಬೆಳಿಗ್ಗೆಯೇ ಮನೆಗೆ ಹೋಗಿದ್ದರು. ನಾನು ಗೋಡೆಯ ಬದಿಯ ಬೆಂಚಿನ ಮೇಲೆ, ಅತ್ಯಾಳ ಬಲಕ್ಕೆ ಇದ್ದೆ. ಹಸಿರು ಪರದೆ ಆಕೆಯ ಎಡಕ್ಕೆ. ಸವಿತಾಳ ಮೇಜು ಬಾಗಿಲ ಹೊರಗೆ, ಕರೆದರೆ ಕೇಳುವಷ್ಟು ಹತ್ತಿರ.

ಹಲವು ಸಲ ಬಂದಳು ಸವಿತಾ. “ಆಜಿ… ಆಜಿ… ಶಾಂತಾ ಆಜಿ…” ಮೂರನೆಯದಕ್ಕೆ ಅತ್ಯಾ ಕಣ್ಣು ತೆರೆಯದೆ “ಓ… ಇನ್ನೂ ಇದ್ದೀನಿ ತಗೋ, ಹೋಗು” ಎನ್ನುತ್ತಿದ್ದಳು. ಪರದೆಯ ಮೇಲೆ ಗುಡ್ಡಗಳು ಅಂಕುಡೊಂಕಾಗಿ ಬರುತ್ತಿದ್ದವು. ಒಂದು ದೊಡ್ಡದು, ಎರಡು ಸಣ್ಣವು, ಆಮೇಲೆ ಎದೆ ಝಲ್ಲೆನ್ನುವಷ್ಟು ಹೊತ್ತು ಬಯಲು… ಗೊರಕೆ… ಮತ್ತೆ ಗುಡ್ಡ.

ನನಗೆ ನಿದ್ದೆ ಬಂದಿರಲಿಲ್ಲ. ರಾತ್ರಿ ಪಾಳಿ ನನಗೆ ಹೊಸದಲ್ಲ. ಕಿಟಕಿಯ ಸಂದಿನಿಂದ ಕೆಳಗಿನ ಹಳೆಯ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಒಂದು ಹೊತ್ತಿನಲ್ಲಿ ಆ ವಾಸನೆ ಅಡಗಿ ಇನ್ನೊಂದು ಬಂತು. ಬಹಳ ದಿನ ಉಪವಾಸವಿದ್ದವರ ಬಾಯಿಯ ವಾಸನೆ. ಒಣಗಿದ, ಸ್ವಲ್ಪ ಸಿಹಿಯಾದ ವಾಸನೆ. ಅತ್ಯಾ ಹಿಂದಿನ ರಾತ್ರಿಯಿಂದ ಏನೂ ತಿಂದಿಲ್ಲ, ಅವಳದೇ ಇರಬೇಕು ಎಂದುಕೊಂಡೆ.

ಆಗ ಯಾರೋ ಕರೆದರು.

“ಶಾಂತಾ…”

ಮೆಲ್ಲನೆಯ ಹೆಣ್ಣು ದನಿ. ಒಂದೇ ಸಲ.

ಸವಿತಾ ಬಾಗಿಲಿನಿಂದಲೇ ಕರೆದಿರಬೇಕು ಎಂದು ನಾನು ತಲೆ ಎತ್ತಲಿಲ್ಲ. ಇನ್ನೆರಡು ಕೂಗಿಗಾಗಿ ಕಾದೆ. ಬರಲಿಲ್ಲ. ಯಂತ್ರದ ಪರದೆಯತ್ತ ನೋಡಿದೆ. ಗುಡ್ಡಗಳು ಬರುತ್ತಿದ್ದವು. ಆ ಅಂಕುಡೊಂಕು ಹೋಗಿ ಈಗ ಒಂದರ ಹಿಂದೆ ಒಂದು, ನಿಧಾನ, ಅಚ್ಚು ಒತ್ತಿದಂತೆ. ಗೊರಕೆಯೂ ನಿಂತಿತ್ತು. ಅಂತೂ ಒಳ್ಳೆಯ ನಿದ್ದೆ ಹತ್ತಿತು ಎಂದುಕೊಂಡೆ.

ಆದರೂ ಏನೋ ಕೊರೆಯಿತು. ಆ ದನಿ ‘ಆಜಿ’ ಎಂದಿರಲಿಲ್ಲ. ‘ಬಾಯಿ’ ಎಂದಿರಲಿಲ್ಲ. ಬರೀ ಶಾಂತಾ. ಇಪ್ಪತ್ತೈದರ ಸವಿತಾ ಎಪ್ಪತ್ತಾರರ ಮುದುಕಿಯನ್ನು ಹಾಗೆ ಕರೆದಾಳೆಯೇ?

ಎದ್ದು ನಿಂತು ಕರೆದೆ. “ಶಾಂತಾ ಅತ್ಯಾ…”

ಸುಮ್ಮನಿದ್ದಳು. ಮೊದಲನೆಯ ಕೂಗಲ್ಲವೇ.

“ಶಾಂತಾ ಅತ್ಯಾ…”

ಸುಮ್ಮನಿದ್ದಳು. ಗುಡ್ಡ ಎದ್ದು ಇಳಿಯಿತು.

“ಅತ್ಯಾ!”

ಮೂರಾಯಿತು. ಓ ಬರಲಿಲ್ಲ.

ಆಗ ಡಾಕ್ಟರ ಮಾತು ನೆನಪಾಗಿ ಎದೆ ನೋಡಿದೆ. ಹೊದಿಕೆ ಅಲುಗುತ್ತಿರಲಿಲ್ಲ. ಕೈಯಿಟ್ಟೆ… ಏಳಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪರದೆಯ ಮೇಲೆ ಮಾತ್ರ ಇನ್ನೊಂದು ಗುಡ್ಡ ನಿಧಾನವಾಗಿ ಎದ್ದಿತು.

ನಳಿಗೆ ಮಾಸ್ಕಿನೊಳಗೆ ಇರಲಿಲ್ಲ. ಹಾಸಿಗೆಯ ಎಡಗಡೆಯ ಕಂಬಿಗೆ ಒಂದು ಸುತ್ತು ಸುತ್ತಿತ್ತು. ಅದರ ಬಾಯಿ ಹಸಿರು ಪರದೆಯ ಕಡೆಗಿತ್ತು. ಖಾಲಿ ಹಾಸಿಗೆಯ ಕಡೆಗೆ. ಆ ಬಾಯಿಯೊಳಗೆ ಉಸಿರು ಹೋಗುತ್ತಿತ್ತು, ಯಂತ್ರ ಎಣಿಸುತ್ತಿತ್ತು.

“ಸವಿತಾ!”

ಓಡಿಬಂದಳು. ಒಂದು ನೋಟಕ್ಕೆ ತಿಳಿಯಿತು ಅವಳಿಗೆ. ಗದ್ದ ಎತ್ತಿ ಹಿಡಿದಳು, ಭುಜ ಅಲುಗಾಡಿಸಿದಳು, ಮಾಸ್ಕು ಕಿತ್ತು ಕೈಯಿಂದ ಒತ್ತುವ ಚೀಲದ ಮಾಸ್ಕು ಹಾಕಿ ಗಾಳಿ ತುಂಬಿದಳು. ಬೆರಳಿನ ಕ್ಲಿಪ್ಪಿನ ಗಂಟೆ ಹೊಡೆಯತೊಡಗಿದ್ದು ಆಗ. ರಾತ್ರಿಯ ಡಾಕ್ಟರು ಬಂದು ನೋವಿನ ಔಷಧಿಯ ಪರಿಣಾಮ ಇಳಿಸುವ ಇಂಜೆಕ್ಷನ್ ಕೊಟ್ಟರು. ನಾನು ಅತ್ಯಾಳ ಪಾದ ಹಿಡಿದು ನಿಂತಿದ್ದೆ. ತಣ್ಣಗಿತ್ತು. ಇದೊಂದು ಜೀವ ಹೋದರೆ ನನ್ನನ್ನು ಮನೆಗೆ ಬಾ ಎನ್ನುವವರಿಲ್ಲ ಎಂಬ ಒಂದೇ ವಿಚಾರ ತಲೆಯಲ್ಲಿತ್ತು.

ನೀರಿನಿಂದ ಮೇಲೆದ್ದವರಂತೆ ಅತ್ಯಾ ಉಸಿರೆಳೆದುಕೊಂಡಳು. ಕೆಮ್ಮಿದಳು. ಎದೆ ರಭಸದಿಂದ ಏರಿಳಿಯತೊಡಗಿತು. ಯಂತ್ರದಲ್ಲಿ ಮಾತ್ರ ಅದೇ ನಿಧಾನದ ಗುಡ್ಡಗಳು… ಆಕೆಯ ಉಸಿರಿಗೆ ಸಂಬಂಧವೇ ಇಲ್ಲದಂತೆ. ಡಾಕ್ಟರು ಅತ್ಯಾಳ ಮುಖಕ್ಕೆ ಬಾಗಿದ್ದರು. ಯಂತ್ರದ ಪರದೆ ನೋಡಿದವರು ನಾನು ಮತ್ತು ಸವಿತಾ ಇಬ್ಬರೇ. ಸವಿತಾ ಕಂಬಿಯಿಂದ ನಳಿಗೆ ಬಿಚ್ಚಿ ಮೂಗಿನ ಕೆಳಗೆ ಇಟ್ಟಳು. ಗುಡ್ಡಗಳು ಚಿಕ್ಕವಾದವು, ಚುರುಕಾದವು.

ನಾನು ಹೋಗಿ ಹಸಿರು ಪರದೆ ಸರಿಸಿದೆ. ಹಾಸಿಗೆ ಖಾಲಿ. ಚಾದರ ಬಿಗಿಯಾಗಿತ್ತು, ದಿಂಬು ತಗ್ಗಿರಲಿಲ್ಲ. ಉಪವಾಸದ ಬಾಯಿಯ ಆ ವಾಸನೆ ಅತ್ಯಾಳ ಬಳಿಗಿಂತ ಅಲ್ಲಿ ಹೆಚ್ಚಾಗಿತ್ತು.

ಡಾಕ್ಟರು ಹೋದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲಿನ ಸಲಿಗೆ ಆ ನೋಟದಲ್ಲಿ ಇರಲಿಲ್ಲ.

“ನಳಿಗಿ ಯಾರು ತಗದ್ರು?” ಎಂದೆ.

“ನಾ ಯಾಕ ತಗೀಲಿರೀ? ನೀವ ಒಳಗ ಇದ್ದವರು.”

“ನೀವು ಬಾಗಿಲದಾಗ ನಿಂತು ಕರದು ಹಂಗ ಹೋದ್ರಿ. ಉಳದ ಎರಡ ಸಲ ಯಾಕ ಕರೀಲಿಲ್ಲ?”

“ನಾ ಕರದಿಲ್ರೀ. ‘ಶಾಂತಾ’ ಅಂದದ್ದು ನನಗೂ ಕೇಳ್ತು. ನೀವ ಕರದ್ರಿ ಅನ್ಕೊಂಡೆ. ಇನ್ನೆರಡ ಸಲ ಕರೀತಾರ, ಆಜಿ ಓ ಅಂತಾರ ಅಂತ… ಕಾಯ್ಕೋತ ಕುಂತೆ.”

“ನಾ ಅತ್ಯಾಗ ಬರೀ ಶಾಂತಾ ಅಂತೀನೇನು?”

“ಮತ್ತ ನಾ ಅಂತೀನೇನ್ರಿ?”

ಇಬ್ಬರೂ ಕಾದಿದ್ದೆವು. ಒಂದು ಕೂಗಿಗೆ ಉತ್ತರವಿಲ್ಲ ಎಂದರೆ ಸಂಜೆಯ ನರ್ಸು ಆ ಕ್ಷಣವೇ ಒಳಗೆ ಬಂದಿರುತ್ತಿದ್ದಳು. ನಮಗಿಬ್ಬರಿಗೂ ರೀತಿ ಗೊತ್ತಿತ್ತು, ಆದ್ದರಿಂದ ಕುಳಿತಲ್ಲೇ ಕುಳಿತೆವು.

ನಾನು ಸವಿತಾಳನ್ನು ಸುಲಭವಾಗಿ ನಂಬಲಿಲ್ಲ. ಅತ್ಯಾಳ ಮುಖ ಒರೆಸುವಾಗ ಅವಳೇ ನಳಿಗೆ ತೆಗೆದು ಕಂಬಿಗೆ ಸುತ್ತಿ ಮರೆತಿರಬೇಕು ಎಂಬುದು ಆಗಿನ ನನ್ನ ಊಹೆ. ಅವಳಿಗೂ ನನ್ನ ಮೇಲೆ ಅಂಥದೇ ಅನುಮಾನವಿತ್ತು, ಮೇಲಿನವರಿಗೆ ಹಾಗೆಯೇ ಹೇಳಿದಳು. ಮರುದಿನ ನಾನು ಪಟ್ಟು ಹಿಡಿದು ಕಾರಿಡಾರಿನ ಕ್ಯಾಮೆರಾ ತೋರಿಸಿ ಎಂದೆ. ತೋರಿಸಿದರು. ಸವಿತಾ ಕೊನೆಯ ಸಲ ಕೋಣೆಯಿಂದ ಹೊರಬಂದ ಮೇಲೆ ನನ್ನ ಕೂಗಿನವರೆಗೆ ಆ ಬಾಗಿಲಲ್ಲಿ ಯಾರೂ ಒಳಗೆ ಹೋಗಿಲ್ಲ. ಅವಳು ಮೇಜು ಬಿಟ್ಟು ಎದ್ದಿಲ್ಲ. ಒಮ್ಮೆ ಮಾತ್ರ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಾಳೆ, ಯಾರೋ ಮಾತಾಡಿದ್ದು ಕೇಳಿದವರ ಹಾಗೆ.

ಅವಳು ಕೊನೆಯ ಸಲ ಬಂದು ಹೋದ ಮೇಲೂ ಪರದೆಯ ಮೇಲೆ ಗೊರಕೆಯ ಜೊತೆಗೇ ಅಂಕುಡೊಂಕು ಗುಡ್ಡಗಳು ಬರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆಗ ನಳಿಗೆ ಮೂಗಿನ ಕೆಳಗೇ ಇತ್ತು.

ಯಂತ್ರ ನೋಡುವವನು ಬಂದು ಬಿಚ್ಚಿ, ಜೋಡಿಸಿ, ತನ್ನ ಮೂಗಿಗೇ ಇಟ್ಟುಕೊಂಡು ಪರೀಕ್ಷಿಸಿದ. ಸರಿಯಿದೆ ಎಂದ. ನಳಿಗೆಯಲ್ಲಿ ನೀರಿನ ಪಸೆ ಇದ್ದರೆ ಸುಳ್ಳು ಗೆರೆ ಬರಬಹುದು ಎಂದ. ಅಷ್ಟು ಸಮನಾಗಿಯೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಬರಬಹುದು” ಎಂದ. ಅವನ ಉತ್ತರವನ್ನು ಇದ್ದಂತೆಯೇ ಇಲ್ಲಿ ಕೊಟ್ಟಿದ್ದೇನೆ.

ಅತ್ಯಾಳನ್ನು ಕೇಳಬಾರದು ಎಂದುಕೊಂಡಿದ್ದೆ. ಗಂಜಿ ಕುಡಿಸುವಾಗ ಆಕೆಯೇ ಶುರುಮಾಡಿದಳು.

“ರಾತ್ರಿ ಭಾಳ ಕರದ್ರೆವಾ ನನ್ನ.”

“ಯಾರು ಅತ್ಯಾ?”

“ಮೊದಲ ಒಂದ ದನಿ ಕರೀತು. ನಾ ಗಟ್ಟಿ, ಸುಮ್ನಿದ್ದೆ. ಆಮ್ಯಾಲ ನೀ ಕರದಿ. ಮತ್ತ ನೀ ಕರದಿ. ಮೂರಾತಲ್ಲ, ಓ ಅಂದೆ.”

ಚಮಚ ಬಟ್ಟಲಿಗೆ ಇಟ್ಟೆ. “ನೀ ಓ ಅಂದದ್ದು ನನಗ ಕೇಳಲಿಲ್ಲ ಅತ್ಯಾ.”

“ನಿನಗ ಹೆಂಗ ಕೇಳಬೇಕು?” ಎಂದಳು, ಮಗುವಿಗೆ ತಿಳಿಹೇಳುವಂತೆ. “ಮೊದಲ ಕರದವರಿಗೆ ಅಂದೆ.”

ಯಾರ ದನಿ ಎಂದು ಕೇಳಿದೆ. ಆಕೆ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಹಲ್ಲಿನ ಸೆಟ್ಟು ಕೊಡು ಎಂದಳು. ಆಮೇಲೆ ಎಷ್ಟು ಸಲ ಕೇಳಿದರೂ ಇಷ್ಟೇ. ಆಕೆಯನ್ನು ಬರೀ ಹೆಸರಿನಿಂದ ಕರೆಯುವ ವಯಸ್ಸಿನವರು ನಮ್ಮ ಮನೆತನದಲ್ಲಿ ಈಗ ಯಾರೂ ಉಳಿದಿಲ್ಲ.

ಕೆಲವು ದಿನಗಳಲ್ಲಿ ಖಡಕಿಯ ಮನೆಗೆ ಕರೆತಂದೆ. ಗಾಯ ಮಾಯ್ದಿದೆ. ಊಟ, ಓಡಾಟ ಮೊದಲಿನಂತೆ. ಡಾಕ್ಟರು ಎದೆ ಪರೀಕ್ಷಿಸಿ ಉಸಿರಾಟದಲ್ಲಿ ದೋಷವಿಲ್ಲ ಎಂದಿದ್ದಾರೆ. ಸವಿತಾ ಎರಡು ಸಲ ಫೋನ್ ಮಾಡಿ ಆಜಿ ಹೇಗಿದ್ದಾರೆ ಎಂದು ಕೇಳಿದಳು. ಎರಡೂ ಸಲ, ಆ ಕೋಣೆಯ ಪಾಳಿ ಈಗ ತನಗಿಲ್ಲ ಎಂದು ತಾನಾಗಿಯೇ ಹೇಳಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಅತ್ಯಾ ಕತ್ತಲಾದ ಮೇಲೂ ಮೊದಲ ಕೂಗಿಗೇ ಓಗೊಡುತ್ತಾಳೆ.

ಮೊನ್ನೆ ರಾತ್ರಿ ನಾನು ಹೊರಗಿನ ಕೋಣೆಯಲ್ಲಿ ಕುಳಿತು ಪುಟ ತಿದ್ದುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕರೆದಿರಲಿಲ್ಲ. ಒಳಕೋಣೆಯ ಕತ್ತಲಿನಿಂದ ಅತ್ಯಾ ಹೇಳಿದಳು, “ಓ… ಬಂದೆ, ತಡೀ.”