ಸಿಡಿಯದ ತೋಟಾಗಳು

ಬಳ್ಳಾರಿಯ ಬಂದೂಕಿನ ಅಂಗಡಿಯಲ್ಲಿ ಮುದುಕ ಯಜಮಾನರು ನಾನು ಒಯ್ದಿದ್ದ ಹಳೆಯ ಬಂದೂಕಿನ ಟ್ರಿಗರಿನ ಸುತ್ತಲಿದ್ದ ಕಬ್ಬಿಣದ ಬಳೆಗೆ ಬೆರಳು ತೂರಿಸಿ ಒಮ್ಮೆ ಕೆಳಗೆಳೆದು ಮೇಲಕ್ಕೊತ್ತಿದರು. ಕಟಕ್, ಕಟಕ್. ಅಷ್ಟೇ ಸದ್ದು. ಹೊರಗೆ ಆಟೋಗಳು ಒದರುತ್ತಿದ್ದವು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಮಾತ್ರ ಕುರುಗೋಡಿನ ನಮ್ಮ ಪಡಸಾಲೆಯಲ್ಲಿ ಒಂಬತ್ತು ವರ್ಷದವಳಾಗಿ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಅಪ್ಪನ ತಮ್ಮ ಕಾಕಾ ತೀರಿಕೊಂಡ ಮೇಲೆ ಆ ಬಂದೂಕಿನ ಲೈಸೆನ್ಸಿಗೆ ವಾರಸುದಾರರು ಉಳಿದಿರಲಿಲ್ಲ. ನಿವೃತ್ತ ಶಾಲಾ ಶಿಕ್ಷಕಿಯಾದ ನನಗೆ ಅದರಿಂದ ಏನಾಗಬೇಕು? ಸರ್ಕಾರಕ್ಕೆ ಒಪ್ಪಿಸುವುದು ಹೇಗೆಂದು ಕೇಳಲು ಹೋಗಿದ್ದೆ. ಜೊತೆಗೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಾಲ್ಕು ತೋಟಾಗಳಿದ್ದವು. ಯಜಮಾನರು ಒಂದನ್ನು ಬೆಳಕಿಗೆ ಹಿಡಿದು, "ಈ ಅಳತಿ ತೋಟಾ ನಮ್ಮಪ್ಪನ ಕಾಲಕ್ಕ ಬರೋದು ನಿಂತೈತಿ ನೋಡ್ರಿ ಮೇಡಮ್ಮಾರ. ಯಾರೋ ಕೈಯಾಗ ತುಂಬ್ಯಾರ ಇವನ್ನ," ಎಂದರು. ಯಾರು ತುಂಬಿದ್ದರೆಂದು ನನಗೆ ಗೊತ್ತಿತ್ತು. ಕಾಕಾ ಸಾಯುವ ಮುಂಚೆ ಒಮ್ಮೆ ಅಂದದ್ದು ಬಿಟ್ಟರೆ, ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಐವತ್ತು ವರ್ಷ ದಾಟಿತ್ತು.

ನಮ್ಮದು ಬೆಟ್ಟದ ಬುಡದ ಮಾಳಿಗೆ ಮನೆ. ಬೇಸಿಗೆಯ ಸಂಜೆ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಉಗುಳುವಾಗ ಗೋಡೆಗೆ ಕೈಯಿಟ್ಟರೆ ರೊಟ್ಟಿ ಹಂಚಿನಷ್ಟು ಬೆಚ್ಚಗಿರುತ್ತಿತ್ತು. ಮದರಾಸು ಸರ್ಕಾರದ ಕಾಲದಲ್ಲಿ ಬಳ್ಳಾರಿ ದಂಡಿನ ಯಾರೋ ದೊರೆ ತನ್ನ ದೇಶಕ್ಕೆ ಹೊರಟಾಗ ಮುತ್ತಜ್ಜನ ಕೈಗಿತ್ತ ಆ ಬಂದೂಕನ್ನು ನಾವು ಬಳೆ ಬಂದೂಕು ಎನ್ನುತ್ತಿದ್ದೆವು. ಲಿಂಗ ಕಟ್ಟುವ ಮನೆ, ಮಾಂಸದ ಸೋಂಕಿಲ್ಲದ ಅಡುಗೆಮನೆ. ಆದರೂ ಅಜ್ಜ ಬೇಟೆಗಾರ. ಹೊಲಕ್ಕಿಳಿಯುವ ಹಂದಿ, ಕುರಿ ಹಿಡಿಯುವ ಚಿರತೆ ಎಂದರೆ ಊರವರು ಗೌಡರ ಕಟ್ಟೆಗೇ ಬರುತ್ತಿದ್ದರು. ಆಗಿನ್ನೂ ಈಗಿನಂಥ ಬಿಗಿ ಕಾನೂನು ಇರಲಿಲ್ಲ. ಬೆಟ್ಟದಿಂದ ಇಳಿದ ಅಜ್ಜ ಹಿತ್ತಲಲ್ಲಿ ಮಿಂದು ವಿಭೂತಿ ಧರಿಸುವ ತನಕ ಅಮ್ಮ, ಅಂದರೆ ನನ್ನ ಅಜ್ಜಿ, ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಬಂದೂಕಂತೂ ಪಡಸಾಲೆಯ ಗೂಟ ದಾಟಿ ಒಳಬಂದದ್ದೇ ಇಲ್ಲ.

ತೋಟಾ ತುಂಬುತ್ತಿದ್ದವನು ಹುಲುಗಪ್ಪ. ಸಿರುಗುಪ್ಪದ ಕಡೆಯ ಕರೂರಿನವನು, ದುಡಿಯಲು ಬಂದು ಹೆಂಡತಿಯೊಡನೆ ನಮ್ಮೂರಲ್ಲೇ ನಿಂತವನು. ಕಾಕಾನಿಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಅಂಗಡಿಯಲ್ಲಿ ತೋಟಾ ಸಿಗುವುದು ನಿಂತಿದ್ದರಿಂದ ಹಳೆಯ ಹಿತ್ತಾಳೆ ಕೊಳವೆಗಳನ್ನೇ ಮತ್ತೆ ಮತ್ತೆ ತುಂಬಬೇಕಿತ್ತು. ಹೆಚ್ಚಿನವು ಬಾಯಿ ಸೀಳಿ ಹೋಗಿ ಕೊನೆಗೆ ಆರು ಮಾತ್ರ ಉಳಿದಿದ್ದವು. ಅವನು ಸೀಸ ಕರಗಿಸಿ ಅಚ್ಚಿಗೆ ಹೊಯ್ದು, ತಳಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಪುಟ್ಟ ಬಟ್ಟಲಲ್ಲಿ ಮದ್ದು ಅಳೆದು ಸುರಿಯುವಾಗ ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. "ಉಸಿರು ಹಿಡ್ಕೊ ಸಣ್ಣವ್ವಾ, ಮದ್ದು ಹಾರಿ ಹೋಗತೈತಿ," ಎನ್ನುತ್ತಿದ್ದ. ನಾನು ಕೆನ್ನೆ ಉಬ್ಬಿಸಿಕೊಂಡು ಕಾಯುತ್ತಿದ್ದೆ. ಮದ್ದಿನ ಆ ಒಗರು ವಾಸನೆ, ಅವನ ಬೆವರು, ಅವನು ಅಗಿಯುತ್ತಿದ್ದ ಎಲೆಯಡಿಕೆ ಎಲ್ಲ ಸೇರಿ ಒಂದೇ ವಾಸನೆಯಾಗಿ ನನ್ನ ಮೂಗಿನಲ್ಲಿ ಉಳಿದಿದೆ.

ಆ ವರ್ಷ ಮಹಾನವಮಿಯ ಹೊತ್ತಿಗೆ ಬೆಟ್ಟದಲ್ಲಿ ಸೀತಾಫಲ ಬಿರಿದಿದ್ದವು. ಆಯುಧಪೂಜೆಗೆ ಅಮ್ಮ ಮತ್ತು ನಾನು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಸಾಮಾನೆಲ್ಲ ತಿಕ್ಕಿದೆವು. ಬೇರೆ ವರ್ಷ ಖಾಲಿ ಕೊಳವೆಗಳನ್ನು ತಿಕ್ಕುತ್ತಿದ್ದೆವು, ಆ ವರ್ಷ ತುಂಬಿದವನ್ನೇ ತಿಕ್ಕಿದೆವು. ಹಿತ್ತಾಳೆ ಹಿತ್ತಾಳೆಯೇ ಅಲ್ಲವೇ? ತೊಳೆದು, ಹೊಳಪು ನಿಲ್ಲಲೆಂದು ಬಟ್ಟಲಲ್ಲಿ ಕುಸುಬಿ ಎಣ್ಣೆ ಹೊಯ್ದು, ಆರನ್ನೂ ನಾನೇ ಅದರಲ್ಲಿ ಅದ್ದಿಟ್ಟೆ. ಮರುದಿನ ಅವು ಬಂಗಾರದಂತೆ ಮಿಂಚುವುದನ್ನು ಕಂಡು ಅಜ್ಜ ನನ್ನ ತಲೆ ಸವರಿದ. ಹೇಗೆ ಹೊಳೆದವು ಎಂದು ಕೇಳಲಿಲ್ಲ.

ಹಬ್ಬ ಮುಗಿದ ವಾರಕ್ಕೆ ಕಟ್ಟಿಗೆಗೆ ಹೋಗಿದ್ದ ಹೆಂಗಸೊಬ್ಬಳ ಭುಜವನ್ನು ಕರಡಿ ಸೀಳಿತು. ಅದಕ್ಕೆ ಮೊದಲೇ ಇಬ್ಬರು ಕುರುಬರನ್ನು ಕೆಡವಿತ್ತು. ಊರವರು ಬಂದು ಕಟ್ಟೆಯ ಮೇಲೆ ಕೂತರು. ಮರುದಿನ ಬೆಳಗ್ಗೆ ಅಜ್ಜ, ಕಾಕಾ, ಹುಲುಗಪ್ಪ ಮೂವರೂ ಬೆಟ್ಟ ಹತ್ತಿದರು. ಗವಿಯ ಬಾಯಲ್ಲಿ ಕರಡಿ ಎದ್ದು ಬಂತು. ಅಜ್ಜ ಗುರಿಯಿಟ್ಟು ಒತ್ತಿದ. ಟಕ್ ಎಂದಿತು, ಅಷ್ಟೇ. ಬಳೆ ಎಳೆದು ಇನ್ನೊಂದು ತೋಟಾ ಹಾಕಿ ಮತ್ತೆ ಒತ್ತಿದ. ಮತ್ತೂ ಟಕ್. ಆ ಎರಡೂ ತೋಟಾ ಕಲ್ಲಿನ ಸಂದಿಗೆ ಬಿದ್ದುಹೋದವು. ಅಷ್ಟರಲ್ಲಿ ಕರಡಿ ಕಾಕಾನ ಮೇಲಿತ್ತು. ಹುಲುಗಪ್ಪ ಕೊಡಲಿ ಎತ್ತಿ ಮೈಮೇಲೆಯೇ ಬಿದ್ದು ಅದನ್ನು ಓಡಿಸಿದನಂತೆ. ಕಾಕಾನನ್ನು ಕಂಬಳಿಯಲ್ಲಿ ಹೊತ್ತು ತಂದರು. ಜೀವ ಉಳಿಯಿತು, ಎಡಗಣ್ಣು, ಎಡಗೆನ್ನೆ ಉಳಿಯಲಿಲ್ಲ. ಗೊತ್ತಾಗಿದ್ದ ಮದುವೆಯೂ ಮುರಿಯಿತು.

ಆಮೇಲೆ ನಮ್ಮ ಮನೆಯಲ್ಲಿ ಸಂಶಯ ಹೊಗೆಯಂತೆ ತುಂಬಿಕೊಂಡಿತು. ಯಾರೂ ನೇರವಾಗಿ ಏನೂ ಅನ್ನುತ್ತಿರಲಿಲ್ಲ. ಉಗ್ರಾಣಕ್ಕೆ ಬೀಗ ಬಿತ್ತು. ಹುಲುಗಪ್ಪ ಅಂಗಳಕ್ಕೆ ಬಂದರೆ ಮಾತು ನಿಲ್ಲುತ್ತಿತ್ತು. ಬೆಟ್ಟದಲ್ಲಿ ಕಲ್ಲು ಸಿಡಿಸುವವರಿಗೆ ಅವನು ಮದ್ದು ಮಾರಿಕೊಂಡು ತೋಟಾಗೆ ಬೂದಿ ತುಂಬಿದ್ದಾನೆಂದು ಯಾರೋ ಅಂದರಂತೆ. ಕರಡಿಯ ಮೇಲೆ ಬಿದ್ದದ್ದು ಯಾಕೆ ಎಂದರೆ ಅದಕ್ಕೂ ಉತ್ತರವಿತ್ತು, ತಪ್ಪು ಮಾಡಿದವನಿಗೇ ಅಷ್ಟು ಅವಸರ. ಅವನು ಏನು ಮಾಡಿದರೂ ಅದು ಅವನ ವಿರುದ್ಧದ ಸಾಕ್ಷಿಯೇ ಆಗುತ್ತಿತ್ತು. ಅವನು ಕೊಟ್ಟ ಸೀತಾಫಲವನ್ನು ನಾನು ತಿನ್ನದೆ ಹಿತ್ತಲಿಗೆ ಎಸೆದೆ.

ಒಂದು ಮಧ್ಯಾಹ್ನ ಅಜ್ಜ ಅವನನ್ನು ಪಡಸಾಲೆಗೆ ಕರೆಸಿದ.

"ಲೇ ಹುಲುಗ್ಯಾ, ಖರೇ ಹೇಳು. ಏನು ತುಂಬಿದ್ದಿ?"

"ಮದ್ದ ತುಂಬೀನ್ರಿ ಗೌಡ್ರ. ಇನ್ನ ನಾಕ ಅದಾವಲ್ರಿ, ಒಂದು ಒಡದ ನೋಡ್ರಿ."

"ಬಾಯಿ ಸೀಳಿದ್ರ ಮತ್ತ ಹಿತ್ತಾಳಿ ಎಲ್ಲಿಂದ ತರ್ಲಿ?"

ಅಜ್ಜನಿಗೆ ಹಿತ್ತಾಳೆಯ ಚಿಂತೆಯಿತ್ತೋ, ಒಡೆದು ನೋಡಿದರೆ ಸಂಶಯ ಸುಳ್ಳಾದೀತೆಂಬ ಅಳುಕಿತ್ತೋ, ಇವತ್ತಿಗೂ ಹೇಳಲಾರೆ. ಅವನು ನನ್ನ ಕಡೆ ತಿರುಗಿ, "ನೀ ದಿನಾ ಇವನ ಹಿಂದ ಇರ್ತಿದ್ದಿ. ಏನರ ಒಯ್ಯೋದು ಕಂಡೀ ಏನು?" ಎಂದ. ನಾನು ಕಂಡಿದ್ದೆ. ಹಬ್ಬಕ್ಕೆ ಮುಂಚೆ ಹಿತ್ತಲ ಬಾಗಿಲಿಂದ ಹುಲುಗಪ್ಪ ಟವೆಲ್ಲಿನಲ್ಲಿ ಏನೋ ಗಂಟು ಕಟ್ಟಿಕೊಂಡು ಸರಸರನೆ ಹೋದದ್ದು ನಿಜ. "ಗಂಟು ಒಯ್ದ," ಎಂದೆ. ಅಜ್ಜ ಗಂಟಿನಲ್ಲಿ ಏನಿತ್ತೆಂದು ಕೇಳಿದ. ಹುಲುಗಪ್ಪ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ಒಮ್ಮೆ ನೋಡಿದ. ಅಮ್ಮ ಸೆರಗಿನ ಚುಂಗು ಹಿಡಿದು ನಿಂತೇ ಇದ್ದಳು. ಅವನು ತಲೆ ತಗ್ಗಿಸಿದ. ಸಂಜೆಯೊಳಗೆ ಮನೆ ಖಾಲಿ ಮಾಡಿ ಊರು ಬಿಟ್ಟ.

ಬಳ್ಳಾರಿಯ ಅಂಗಡಿಯ ಯಜಮಾನರು ಇಕ್ಕಳ ಹಿಡಿದು ನನ್ನೆದುರೇ ಒಂದು ತೋಟಾ ಬಿಚ್ಚಿದರು. ಒಳಗೆ ಮದ್ದು ಪೂರ್ತಿ ಇತ್ತು, ಆದರೆ ಕಪ್ಪು ಮುದ್ದೆಯಾಗಿತ್ತು. "ತುಂಬಿದಾವ ಛಲೋ ತುಂಬ್ಯಾನ. ಆದ್ರ ಯಾರೋ ಇದನ್ನ ಎಣ್ಣ್ಯಾಗ ಮುಳುಗಿಸ್ಯಾರ. ಕೇಪಿಗೆ ಎಣ್ಣಿ ಇಳದ್ರ ಹೆಂಗ ಸಿಡೀತೈತ್ರಿ?" ಎಂದರು. ಉಳಿದ ಮೂರನ್ನೂ ಬಿಚ್ಚಿಸಿದೆ. ಎಲ್ಲವೂ ಹಾಗೆಯೇ ಇದ್ದವು.

ಎರಡು ದಿನ ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿ ಅಲ್ಲಿಂದ ಕರೂರಿಗೆ ಹೋದೆ. ನಾನು ಕೇಳಿದವರೆಲ್ಲ ಹುಲುಗಪ್ಪನ ಮನೆ ತೋರಿಸಿದರು. ಬೇವಿನ ನೆರಳಲ್ಲಿ ಮಂಚದ ಮೇಲೆ ಕೂತಿದ್ದ ಮುದುಕ ನನ್ನ ಗುರುತು ಹಿಡಿಯಲಿಲ್ಲ. ಅಜ್ಜನ ಹೆಸರು ಹೇಳಿದಾಗ ಮುಖ ಗಟ್ಟಿಯಾಯಿತು. "ಈಗ್ಯಾಕ ಬಂದಿ? ಮತ್ತೇನರ ಕಳದೈತೇನು ಆ ಮನ್ಯಾಗ?" ಎಂದ. ನಾನು ಎಣ್ಣೆಯ ಬಟ್ಟಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.

"ನಾನು ಬ್ಯಾರೆ ತಿಳಕೊಂಡಿದ್ದೆ," ಎಂದ. "ನನ್ನ ಹೊರಗ ಹಾಕಾಕಂತ ಗೌಡ್ರ ತೋಟಾ ಬದ್ಲಿ ಮಾಡ್ಯಾರ ಅಂತ. ಇಷ್ಟು ವರ್ಷ ಹಂಗ ಅನಕೊಂಡ ಬದಿಕೀನಿ."

"ಆ ಗಂಟಿನಾಗ ಏನಿತ್ತು, ಹುಲುಗಪ್ಪ ಮಾವಾ?"

"ಬೆಲ್ಲ, ಕೊಬ್ಬರಿ, ತುಪ್ಪ. ನನ್ನ ಹೇಂತಿ ದಿನಾ ತುಂಬಿದ ಬಸರಿ. ನಿಮ್ಮಮ್ಮ ಕೊಟ್ಟಿದ್ರು, ಗೌಡ್ರಿಗೆ ಹೇಳಬ್ಯಾಡ ಅಂದಿದ್ರು. ಅವರ ಬಾಯಿಲೆ ಬರ್ಲಿ ಅಂತ ನೋಡ್ದೆ. ಬರ್ಲಿಲ್ಲ."

ಅಮ್ಮ ಆ ವರ್ಷದಿಂದ ಸಾಯುವ ತನಕ ಬೆಲ್ಲ ತಿನ್ನುತ್ತಿರಲಿಲ್ಲ. ಯಾವುದೋ ವ್ರತವಿರಬೇಕೆಂದು ನಾವು ಅಂದುಕೊಂಡಿದ್ದೆವು. ಈಗ ಬೇರೆ ಏನನ್ನೋ ಅಂದುಕೊಳ್ಳುತ್ತಿದ್ದೇನೆ. ಅದೂ ಒಂದು ಸಂಶಯವೇ, ಕೇಳಿ ತಿಳಿಯಲು ಅವಳಿಲ್ಲ. ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ. "ಎಣ್ಣಿ ಹಚ್ಚಿದ್ದಕ್ಕ ನನಗ ಸಿಟ್ಟಿಲ್ಲ, ಕೂಸು ಇದ್ದಿ. ಗಂಟು ಕಂಡಾಕಿ, ಅವ ಅಂಥಾವಲ್ಲ ಅಂತ ಒಂದು ಮಾತ ಅನ್ನಬೌದಿತ್ತು," ಎಂದು ಮುಖ ತಿರುಗಿಸಿದ.

ಮಜ್ಜಿಗೆ ತಂದುಕೊಟ್ಟ ಮಗಳು ಗಂಗಮ್ಮ ಬಸ್ಸಿನ ತನಕ ಬಿಡಲು ಜೊತೆಗೆ ಹೊರಟಳು. ಅವಳೇ ಆ ಬಸುರಿನ ಕೂಸು. ಹನ್ನೆರಡು ದಿನದವಳಿದ್ದಾಗ ಅವಳನ್ನು ಎತ್ತಿಕೊಂಡು ತಾಯಿ ಕುರುಗೋಡಿನಿಂದ ಗಾಡಿ ಹತ್ತಿದ್ದಳಂತೆ. ಕಾಲುವೆಯ ಏರಿಯ ಮೇಲೆ ನಡೆಯುತ್ತ, ತೆನೆಗಟ್ಟಿದ ಭತ್ತದ ಗದ್ದೆಗಳ ನಡುವೆ, ಅವಳು ಸಂಕೋಚದಿಂದ ಕೇಳಿದಳು:

"ನಮ್ಮಪ್ಪ ಕೊಡ್ಲಿ ಹಿಡದು ಕರಡಿ ಓಡಿಸಿದ್ದು ಖರೇ ಏನ್ರಿ? ಅವ ಹೇಳಿದಾಗೆಲ್ಲ ನಾವು ನಗತಿದ್ವಿ. ಈಗೀಗ ಹೇಳೂದ ಬಿಟ್ಟಾನ."

"ಖರೇ ಐತಿ, ಗಂಗಮ್ಮ. ಅದಕ್ಕ ನಮ್ಮ ಕಾಕಾ ಐವತ್ತು ವರ್ಷ ಬದುಕಿದ. ಸಾಯೋ ಮುಂದ ಅವನ ಬಾಯಿಲೆ ಕೇಳೀನಿ."

ಅವಳು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಳು. ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ "ಬರ್ತೀನ್ರಿ," ಎಂದಷ್ಟೇ ಹೇಳಿ ಮನೆಯ ಕಡೆ ತಿರುಗಿದಳು. ಐವತ್ತು ದಾಟಿದ ಹೆಂಗಸು ಅಪ್ಪನ ಹತ್ತಿರಕ್ಕೆ ಏರಿಯ ಮೇಲೆ ಓಡುತ್ತಿದ್ದಳು. ಅವಳು ಕಣ್ಮರೆಯಾಗುವ ತನಕ ನೋಡುತ್ತ ನಿಂತೆ. ಅಜ್ಜನಿಗೂ ಅಮ್ಮನಿಗೂ ಕಾಕಾನಿಗೂ ಹೀಗೆ ಓಡಿಹೋಗಿ ನಿಜ ಹೇಳಲು ಈಗ ನನಗೆ ಅಂಗಳವಿಲ್ಲ, ಬಾಗಿಲಿಲ್ಲ.