ಮಾವನ ಜೀಪ್ ಹೂತಿತೋ ಇಲ್ಲವೋ

ನನ್ನ ಸೋದರಮಾವನದು ಮುಳ್ಳೇರಿಯದಿಂದ ಒಳಗಿನ ಗುಡ್ಡದ ಊರುಗಳಿಗೆ ಬಾಡಿಗೆ ಓಡುವ ಸರ್ವೀಸ್ ಜೀಪ್. ಬಾಗಿಲಿಲ್ಲ, ಗಾಜಿಲ್ಲ; ಮಳೆ ಬಂದರೆ ಎರಡೂ ಬದಿಗೆ ಟರ್ಪಾಲು ಇಳಿಬಿಡುವುದು, ಅಷ್ಟೇ. ಅದರಲ್ಲಿ ಮೊದಲು ಹಿಂಡಿ ಚೀಲ, ಗ್ಯಾಸ್ ಸಿಲಿಂಡರ್, ಹಲಸಿನಕಾಯಿ, ಆಮೇಲೆ ಮನುಷ್ಯರು, ಜಾಗ ಉಳಿದರೆ ಅತ್ತೆ. ಮದುವೆಗೆಂದು ರೇಷ್ಮೆ ಸೀರೆ ಉಟ್ಟು ಹೊರಟ ಅತ್ತೆ, ಚಪ್ಪರ ತಲುಪುವಾಗ ಹಿಂಡಿ ಚೀಲಕ್ಕೆ ಒರಗಿಕೊಂಡು ಬಂದವರಂತೆ ಕಾಣುತ್ತಿದ್ದರು. ಒರಗಿಕೊಂಡೇ ಬಂದಿರುತ್ತಿದ್ದರು. ಅವರಿಗೆ ಬೇಕಾದದ್ದು ಗಾಜು ಏರಿಸಿ ಕುಳಿತುಕೊಳ್ಳಬಹುದಾದ ಒಂದು ಕಾರು. ಕಾರು ಬರಬೇಕಾದರೆ ಜೀಪ್ ಹೋಗಬೇಕು.

ಮಳೆಗಾಲದಲ್ಲಿ, ಭತ್ತದ ನೇಜಿ ನೆಡುವ ಮೊದಲು, ಊರಿನ ಕ್ಲಬ್ಬಿನವರು ಗದ್ದೆಯಲ್ಲಿ ಜೀಪ್ ಓಟ ಇಡುತ್ತಿದ್ದರು. ಕೆಸರು ಮಾಡಿದ ಗದ್ದೆಯ ಈ ಹುಣಿಯಿಂದ, ಎಂದರೆ ಬದುವಿನಿಂದ, ಆ ಹುಣಿಗೆ ಒಬ್ಬೊಬ್ಬರಾಗಿ ಓಡಿಸಿ ದಾಟಿಸಬೇಕು. ಬಹುಮಾನ ಒಂದು ಬಾಳೆಗೊನೆ. ಅದಕ್ಕಾಗಿ ಜನ ಸೈಲೆನ್ಸರಿನೊಳಗೆ ಕೆಸರು ತುಂಬಿಸಿಕೊಂಡು ಮನೆಗೆ ಹೋಗುವುದು ಏಕೆಂದು ನಾನು ಪ್ರತಿ ವರ್ಷ ಕೇಳುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ, ಚಕ್ಕುಲಿ ಬರುತ್ತಿತ್ತು. ಮನೆಮಂದಿಯೆಲ್ಲ ತಿಂಡಿ ಕಟ್ಟಿಕೊಂಡು ಹುಣಿಯ ಮೇಲೆ ಕೊಡೆ ಹಿಡಿದು ಕುಳಿತಿರುತ್ತಿದ್ದರು.

ಮಾವ ಅದಾಗಲೇ ಎರಡು ಸಲ ಹೂತಿದ್ದರು. ಮೂರನೆಯ ಸಲ ಹೊರಟಾಗ ಅತ್ತೆ ಊಟದ ಮಧ್ಯೆ ಸೌಟು ಕೆಳಗಿಟ್ಟರು.

"ಈ ಸಲ ಹೂತರೆ ಜೀಪ್ ಮಾರುವುದು. ಒಪ್ಪಿಗೆ ಉಂಟಾ?"

"ಉಂಟು," ಎಂದರು ಮಾವ. "ಹೂತರೆ ತಾನೇ? ಭಾರ ಇದ್ದದ್ದಕ್ಕೆ ಹೂತದ್ದು ಮಾರಾಯ್ತಿ. ಈ ಸಲ ಹಿಂದಿನ ಸೀಟೆಲ್ಲ ಬಿಚ್ಚಿ ಹಗುರ ಮಾಡ್ತೇನೆ."

ನಾನು ಆಗ ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಿಂದ ಮನೆಯ ಟಿವಿ ಮರೆಯಾಗಿತ್ತು. ಹಾಗಾಗಿ ಆ ವರ್ಷದ ಓಟಕ್ಕೆ ಮೈಕ್ ನನ್ನ ಕೈಗೆ ಬಂತು. ಕೊಟ್ಟವರು ಟಯರಿನ ಅಂಗಡಿಯ ಸಾಹೇಬರು, ಓಟದ ಯಜಮಾನಿಕೆ ಅವರದೇ. ಊರಿನ ಹುಡುಗಿಯರನ್ನೆಲ್ಲ ಅವರು ಮಲಯಾಳದಲ್ಲಿ ಮೋಳೇ, ಮಗಳೇ, ಎಂದೇ ಕರೆಯುವುದು. ಕೊಡುವ ಮೊದಲು ಒಂದು ಕಟ್ಟಳೆ ಹೇಳಿದರು.

"ಹಗ್ಗ ಕಟ್ಟುವವರೆಗೆ ಯಾರ ಗಾಡಿಯನ್ನೂ ಹೂತಿತು ಅಂತ ಮೈಕಲ್ಲಿ ಹೇಳ್ಬಾರ್ದು ಮೋಳೇ. ಹೆಂಡತಿ ಮಕ್ಕಳು ಕೂತಿರ್ತಾರೆ."

"ಮತ್ತೆ ಎಂತ ಹೇಳುವುದು?"

"ಗಾಡಿ ಆಲೋಚನೆ ಮಾಡ್ತಾ ಉಂಟು ಅಂತ ಹೇಳು."

ಗಾಡಿಗೆ ಆಲೋಚನೆ ಇದ್ದಿದ್ದರೆ ಅದು ಈ ಗದ್ದೆಗೇ ಇಳಿಯುತ್ತಿರಲಿಲ್ಲ ಎಂದೆ. ಸಾಹೇಬರು ನಕ್ಕು, ಮೈಕಿನ ಸ್ವಿಚ್ ತೋರಿಸಿಕೊಟ್ಟು ಹೋದರು.

ಮಾವನ ಸರದಿ ಬಂತು. ಸೀಟುಗಳಿಲ್ಲದೆ ಜೀಪಿನ ಹಿಂಭಾಗ ಖಾಲಿ ಪೆಟ್ಟಿಗೆಯಂತೆ ದಡಬಡ ಸದ್ದು ಮಾಡುತ್ತಿತ್ತು. ಅರ್ಧ ಗದ್ದೆಯವರೆಗೆ ಚೆನ್ನಾಗಿಯೇ ಹೋಯಿತು. ಅಲ್ಲಿ ಹಿಂದಿನ ಚಕ್ರಗಳು ಸುಮ್ಮನೆ ತಿರುಗತೊಡಗಿದವು. ಆ ಜೀಪಿಗೆ ಎಂಜಿನ್ನಿನ ಎಳೆತ ಸಿಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅವು ನೆಲ ಕಚ್ಚಲೇ ಇಲ್ಲ, ಬರೀ ಕೆಸರು ಎರಚಿದವು. ಹುಣಿಯಲ್ಲಿ ಕುಳಿತಿದ್ದವರ ಚಕ್ಕುಲಿ ಬಣ್ಣ ಬದಲಾಯಿಸಿತು.

"ಗಾಡಿ ಆಲೋಚನೆ ಮಾಡುತ್ತಿದೆ," ಎಂದೆ ಮೈಕಿನಲ್ಲಿ. ಸ್ವಲ್ಪ ಹೊತ್ತಿನ ಬಳಿಕ, "ದೀರ್ಘವಾದ ಆಲೋಚನೆ," ಎಂದೆ.

ಹಗ್ಗ ಹಿಡಿದುಕೊಂಡು ಹೊರಟವರನ್ನು ಮಾವ ಕೈಬೀಸಿ ಅಟ್ಟಿದರು. "ಹಗ್ಗ ಬೇಡ. ಎಂಜಿನ್ ಓಡ್ತಾ ಉಂಟಲ್ಲ? ಓಡುವ ಗಾಡಿ ಹೂತದ್ದು ಹೇಗೆ ಆಗ್ತದೆ? ನಿಂತದ್ದು."

"ನಿಂತು ಎಂತ ಮಾಡುವುದು? ನಾಟಿಯಾ?" ಎಂದು ಹುಣಿಯಿಂದ ಯಾರೋ ಕೇಳಿದರು.

ಮಾವ ಸ್ಟೇರಿಂಗ್ ಹಿಡಿದು ಕುಳಿತೇ ಇದ್ದರು. ಮಳೆ ಶುರುವಾಯಿತು. ಮುಂದಿನ ಸರದಿಯ ಜೀಪಿನವರು ಹಾರ್ನ್ ಹೊಡೆದರು. ಆಗ ಅತ್ತೆ ಎದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಕಿತ್ತುಕೊಂಡು, "ನಾನೇ ಕಟ್ತೇನೆ," ಎಂದು ಗದ್ದೆಗಿಳಿದರು. ಜೀಪಿನ ಹತ್ತಿರ ಹೋಗುವಷ್ಟರಲ್ಲಿ ಅವರ ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಕಾಲು ಕಿತ್ತರೆ ಚಪ್ಪಲಿ ಬರಲಿಲ್ಲ. ಬೇರೆ ದಾರಿ ಕಾಣದೆ ಹಿಂದಿನ ಕಂಬಿ ಹಿಡಿದು ಜೀಪಿಗೇ ಹತ್ತಿಬಿಟ್ಟರು. ಅವರನ್ನು ಬಿಡಿಸಿ ತರಲು ಹೋದ, ಅವರದೇ ಸ್ವಸಹಾಯ ಗುಂಪಿನ ಮೂವರು ಹೆಂಗಸರಿಗೂ ಅದೇ ಗತಿ. ಅವರೂ ಹತ್ತಿದರು. ಮೂವರಲ್ಲಿ ಒಬ್ಬರೂ ತೆಳ್ಳಗಿರಲಿಲ್ಲ. ಇದನ್ನು ನಾನು ಗೌರವದಿಂದಲೇ ಬರೆಯುತ್ತಿದ್ದೇನೆ.

ಹಿಂಭಾಗ ಕುಸಿಯಿತು, ಚಕ್ರ ನೆಲ ಕಚ್ಚಿತು. ಜೀಪ್ ಒಮ್ಮೆ ಗುರುಗುಟ್ಟಿ, ನಾಲ್ವರು ಹೆಂಗಸರ ಕಿರುಚಾಟವನ್ನೂ ಅತ್ತೆಯ ಕೈಯಲ್ಲಿ ನೇತಾಡುವ ಹಗ್ಗವನ್ನೂ ಹೊತ್ತುಕೊಂಡು ಆಚೆ ಹುಣಿ ಹತ್ತಿತು.

ಇಳಿದವರೇ ಅತ್ತೆ, ಮಾವ ಇಬ್ಬರೂ ನನ್ನ ಮೈಕಿನ ಮುಂದೆ ಬಂದು ನಿಂತರು.

"ಹೂತದ್ದು. ಹೇಳು," ಎಂದರು ಅತ್ತೆ.

"ಹಗ್ಗ ಕಟ್ಟಿದ್ದಾರಾ? ಇಲ್ಲ. ಮತ್ತೆ ಹೂತದ್ದು ಎಲ್ಲಿ?" ಎಂದರು ಮಾವ.

ನಾನು ಮೂರು ವರ್ಷ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿದೆ. ಸ್ವಂತ ಬಲದಿಂದ ಚಲಿಸಲಾಗದೆ ಹೊರಗಿನ ನೆರವು ಪಡೆದ ವಾಹನ ಹೂತ ವಾಹನ. ಆ ನೆರವು ಹಗ್ಗವೇ ಆಗಬೇಕೆಂದಿಲ್ಲ, ಅತ್ತೆಯೂ ಆಗಬಹುದು. ಆದ್ದರಿಂದ ಹೂತಿದೆ. ಇದನ್ನು ಮೈಕಿನಲ್ಲೇ ಘೋಷಿಸಿದೆ. ಸಾಹೇಬರು ಹಣೆ ಒತ್ತಿಕೊಂಡರು.

"ಜನ ಹತ್ತಿದ್ದು ಹೊರಗಿನ ನೆರವಾದರೆ," ಎಂದರು ಮಾವ ನಿಧಾನವಾಗಿ, "ನನ್ನ ಸರ್ವೀಸ್ ಜೀಪ್ ತೆಗೊಂಡ ದಿನದಿಂದ ಹೂತೇ ಉಂಟು."

ಆದರೆ ತೀರ್ಪು ಕೊಟ್ಟಾಗಿತ್ತು. ಮಾವ ಕೊಟ್ಟ ಮಾತು ತಪ್ಪುವವರಲ್ಲ. ಮರುದಿನ ಸೀಟು ಕೂರಿಸಿದರು, ಜೀಪ್ ತೊಳೆದರು, ಮಾರಾಟಕ್ಕಿದೆ ಎಂದು ನಾಲ್ಕು ಕಡೆ ಹೇಳಿದರು. ನನ್ನ ಹತ್ತಿರ ಮಾತ್ರ ಮಾತಾಡಲಿಲ್ಲ.

ಮುಂದಿನ ವಾರ ಕುಂಜತ್ತೂರಿನಿಂದ ಒಬ್ಬರು ಜೀಪ್ ನೋಡಲು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟಯರಿಗೆ ಒದ್ದು ನೋಡಿ, ಅತ್ತೆ ಕೊಟ್ಟ ಚಹಾ ಹೀರುತ್ತಾ ಅಂದರು: "ರೇಟು ಸ್ವಲ್ಪ ಕಮ್ಮಿ ಮಾಡ್ಬೇಕಾಗ್ತದೆ ಅಕ್ಕ. ಕೆಸರಲ್ಲಿ ಹೂತ ಗಾಡಿಯಲ್ವಾ? ಮೈಕಲ್ಲೇ ಹೇಳಿದ್ರಂತೆ."

ಅತ್ತೆ ಅವರ ಕೈಯಲ್ಲಿದ್ದ ಲೋಟವನ್ನು ನೋಡಿದರು. "ಹೂತದ್ದನ್ನು ನೀವು ನೋಡಿದ್ದೀರಾ?"

"ಇಲ್ಲ. ಕೇಳಿದ್ದು."

"ನಾನು ಒಳಗೇ ಇದ್ದೆ. ನಾಲ್ಕು ಜನರನ್ನು ಹೊತ್ತುಕೊಂಡು ಸೊಂಟದಷ್ಟು ಕೆಸರು ದಾಟಿದ ಗಾಡಿ ಇದು."

"ಮೊಣಕಾಲಿನಷ್ಟು," ಎಂದೆ ನಾನು. "ಅಲ್ಲದೆ ಅತ್ತೆ, ಹೂತಿತು ಅಂತ ಹೋದ ವಾರ ಹೇಳಿದ್ದು ನೀವೇ."

"ಅದು ಮನೆಯೊಳಗಿನ ಮಾತು. ಇವರು ಹೊರಗಿನವರು. ನೀನು ಒಳಗೆ ಹೋಗಿ ಓದು."

ಬಂದವರು ಇನ್ನೊಂದು ರೇಟು ಹೇಳಿದರು, ಆಮೇಲೆ ಮತ್ತೊಂದು. ಪ್ರತಿ ರೇಟಿಗೂ ಅತ್ತೆಯ ಕೆಸರು ಎತ್ತರವಾಗುತ್ತಾ ಹೋಯಿತು. ಕೊನೆಗೆ ಅವರು ಚಹಾ ಚೆನ್ನಾಗಿತ್ತೆಂದು ಹೇಳಿ ಬಸ್ಸು ಹಿಡಿಯಲು ಹೋದರು.

ಅಷ್ಟೂ ಹೊತ್ತು ರೇಡಿಯೇಟರಿಗೆ ನೀರು ಹಾಕುವ ನೆಪದಲ್ಲಿ ಬಾನೆಟ್ಟಿನೊಳಗೆ ತಲೆ ಇಟ್ಟಿದ್ದ ಮಾವ ಈಗ ತಲೆ ಹೊರಗೆ ತೆಗೆದರು.

"ಹಾಗಾದರೆ ಮಾರುವುದಿಲ್ಲವಾ?"

"ಮಾರುವುದು ಆಮೇಲೆ ನೋಡುವ. ಮೊದಲು ಕಾಸರಗೋಡಿಗೆ ಹೋಗಿ ಇದಕ್ಕೊಂದು ಬಾಗಿಲು ಮಾಡಿಸಿ. ಗಾಜು ಇರುವಂಥದ್ದು. ಎದುರಿನ ಎಡಬದಿಗೆ ಒಂದು ಸಾಕು. ಅಲ್ಲಿ ನಾನು ಕೂರುವುದು, ಹಿಂಡಿ ಅಲ್ಲ."

"ಒಂದೇ ಬಾಗಿಲಾ? ಜನ ನಗ್ತಾರೆ ಮಾರಾಯ್ತಿ."

"ನಗಲಿ," ಎಂದರು ಅತ್ತೆ. "ನಾನು ಗಾಜು ಏರಿಸ್ತೇನೆ."