ಅಮಾವಾಸ್ಯೆಯ ಅಪಘಾತ

ಹಳೆಯ ಫೈಲು ಕೊಡವಿದರೆ ಕಾರ್ಬನ್ ಹಾಳೆಯ ವಾಸನೆಯೊಂದಿಗೆ ಆ ಪೊಲೀಸ್ ನೋಟೀಸು ನೆಲಕ್ಕೆ ಬಿತ್ತು. ಓದುವ ಮೊದಲೇ ನಕ್ಕೆ. ಅದರ ಕಥೆಯನ್ನು ಎಷ್ಟೋ ಮದುವೆಯ ಪಂಕ್ತಿಗಳಲ್ಲಿ ಹೇಳಿದ್ದೇನೆ, ನೀವೂ ಕೇಳಿರಬಹುದು. ಅದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ಸೇರಿದ್ದೆಷ್ಟು ಎಂಬುದು ನನಗೇ ತಿಳಿಯದು.

ನಮ್ಮ ಕಾಕಾ ವಡಗಾವಿಯ ಮಗ್ಗದ ಸೀರೆಗಳನ್ನು ಟೆಂಪೋದಲ್ಲಿ ಖಾನಾಪುರದ ಅಂಗಡಿಗಳಿಗೆ ಮುಟ್ಟಿಸುವವರು. ಒಮ್ಮೆ ನಾನೂ ಜೊತೆಗಿದ್ದೆ. ದೇಸೂರಿನ ಹತ್ತಿರ ಟೆಂಪೋ ತಾಗಿ ಸೈಕಲ್ ಸವಾರನೊಬ್ಬನ ಕಾಲು ಮುರಿಯಿತು. ಕೇಸಾಯಿತು. ಲೈಸೆನ್ಸ್ ಹೋದರೆ ಕಾಕಾನ ಹೊಟ್ಟೆಪಾಡೇ ಹೋಗುತ್ತಿತ್ತು.

ಆದರೆ ಪೇದೆ ಅಲ್ಲೇ ಹರಿದು ಕೊಟ್ಟ ನೋಟೀಸಿನಲ್ಲಿದ್ದದ್ದು ಅಪಘಾತದ ಹಿಂದಿನ ದಿನದ ತಾರೀಖು. ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಓಣಿಯ ಮಗ್ಗಗಳು ಸದ್ದು ಮಾಡುವುದಿಲ್ಲ, ಕಾಕಾನ ಟೆಂಪೋ ಕದಲುವುದಿಲ್ಲ. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಇನ್ನೇನು ಬೇಕು?

"ಕಾಕಾ, ತಪ್ಪು ಒಪ್ಪಬ್ಯಾಡ್ರಿ. ಈ ಕೇಸು ನಿಲ್ಲೂದಿಲ್ಲ."

ವಕೀಲರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ತಾರೀಖು ತಪ್ಪಿದ್ರ ತಿದ್ದತಾರ್ರೀ. ಮುರದ ಕಾಲು ತಿದ್ದಾಕ ಬರತೈತೇನು? ಒಪ್ಪಿಕೊಂಡು ಮುಗಸ್ರಿ, ಲೈಸೆನ್ಸ್ ಉಳದರೂ ಉಳೀತು."

ನಾನು ಬಿಡಲಿಲ್ಲ. ಎರಡು ವರ್ಷ ಅಲೆದೆವು. ಕೊನೆಗೆ ನ್ಯಾಯಾಧೀಶರು ಕಾಕಾನನ್ನೇ ಕೇಳಿದರು: ಆ ದಿನ ನೀವು ದೇಸೂರಿಗೆ ಹೋಗಿರಲಿಲ್ಲವೆ?

"ಅಮಾಸಿ ದಿನ ನಾ ಗಾಡಿ ಮುಟ್ಟೂದಿಲ್ಲರೀ. ಅವಗ ತಾಗಿದ್ದು ಮರುದಿನರೀ."

ಒಂದೇ ಉಸಿರಿನಲ್ಲಿ ತಾರೀಖೂ ಸರಿಹೋಯಿತು, ಅಪರಾಧವೂ ಸಾಬೀತಾಯಿತು. ಲೈಸೆನ್ಸ್ ಆರು ತಿಂಗಳು ಅಮಾನತು. ಅಷ್ಟೂ ದಿನ ಕಾಕಾ ಯಾರದೋ ಮಗ್ಗದ ಬಳಿ ನೂಲು ಸುತ್ತುತ್ತ ಕೂತರು. "ಇವತ್ತು ಯಾವ ದಿನ ಅಂತ ಗೊತ್ತಿಲ್ಲದವನ ಕೈಗೆ ಪೆನ್ನು ಕೊಟ್ಟರೆ ಹೀಂಗ" ಎಂದು ಪೇದೆಯನ್ನು ಬೈದು ನಾನು ಕಥೆ ಮುಗಿಸುತ್ತಿದ್ದೆ.

ಈಗ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಷರ ನನ್ನದು.

"ಕನ್ನಡಕ ಮನ್ಯಾಗ ಉಳೀತ್ರಿ. ನೀವು ಕಲತವ್ರು, ನಾ ಹೇಳ್ತೀನಿ, ಬರೀರಿ" ಎಂದು ಪೇದೆ ಪ್ಯಾಡನ್ನು ನನ್ನ ಕೈಗಿಟ್ಟದ್ದು ನಿಧಾನವಾಗಿ ನೆನಪಾಯಿತು. ಆ ನೆನಪು ಈಗಷ್ಟೇ ಹುಟ್ಟಿತೋ ಏನೋ. ಕಾಕಾನಿಗೆ ಫೋನು ಮಾಡಿದೆ.

"ಹೂಂ, ನೀನ ಬರದಿದ್ದಿ. ತಾರೀಖು ಅವ ಹೇಳಿರಲಿಲ್ಲ, ನೀನ ಹಾಕಿದ್ದಿ."

"ಮತ್ತ ಯಾಕ ಹೇಳಲಿಲ್ಲರಿ?"

"ಕೋರ್ಟಿನ್ಯಾಗ ಹೇಳಿದ್ರ ನಿನಗ ತ್ರಾಸು. ಆಮ್ಯಾಲ ಮದುವ್ಯಾಗ ಅಷ್ಟು ಛಂದ ಹೇಳತಿದ್ದಿ, ಮಂದಿ ನಗತಿದ್ರು. ಕೆಡಸೂದ್ಯಾಕ ಅಂತ ಬಿಟ್ಟೆ, ತಮ್ಮಾ."

ಮುಂದಿನ ವಾರ ಗುಂಜಿಯಲ್ಲೊಂದು ಮದುವೆಯಿದೆ. ಕಾಕಾನೂ ಬರುತ್ತಾರೆ. ಯಾರಾದರೂ ಕೇಳಿದರೆ ಕಥೆ ಹೇಳುತ್ತೇನೆ, ಪೆನ್ನು ಯಾರ ಕೈಯಲ್ಲಿತ್ತು ಎಂಬಲ್ಲಿಂದ ಶುರುಮಾಡಿ.